ಮಿಲ್ಲು ನಿಂತಾಗ ಕೇಳಿಸಿದ್ದು

ಮೂಢನಂಬಿಕೆಗಳ ವಿರುದ್ಧ ಮಾತಾಡಿ ನಾನು ಗೆದ್ದ ಕಪ್ಪುಗಳು ಕುರುಗೋಡಿನ ನಮ್ಮ ಮನೆಯ ಗೂಡಿನಲ್ಲಿ ಇನ್ನೂ ಇವೆ. ಒಂದರಲ್ಲಿ ಅವ್ವ ಊದಿನಕಡ್ಡಿ ಸಿಗಿಸುತ್ತಾಳೆ. ಬಳ್ಳಾರಿಯ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಎದುರು ಪಕ್ಷದವರು 'ಇದು ನನ್ನ ಸ್ವಂತ ಅನುಭವ' ಎಂದರೆ ಸಾಕು, ನಾನು ಎದ್ದು ನಿಂತು 'ಅನುಭವ ಬೇಡ, ಪುರಾವೆ ಕೊಡಿ' ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಈಗ ನಾನೇ ಒಂದು ಅನುಭವ ಹೇಳಲು ಕೂತಿದ್ದೇನೆ, ಪುರಾವೆಯಿಲ್ಲದೆ. ನನ್ನ ಹಳೆಯ ಪ್ರಶ್ನೆಯನ್ನು ನೀವು ನನಗೇ ಕೇಳಿದರೆ ಅದು ನ್ಯಾಯವೇ.

ಅಕ್ಕನನ್ನು ಕೊಟ್ಟದ್ದು ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಮನೆಗೆ. ಮಿಲ್ಲಿಗೂ ಮನೆಗೂ ಒಂದೇ ಗೋಡೆ. ಸುಗ್ಗಿಯಲ್ಲಿ ಮಿಲ್ಲು ಬಿಡುವಿಲ್ಲದೆ ಓಡುತ್ತಿತ್ತು. ಗೂಟಕ್ಕೆ ಹಾಕಿದ ಅಂಗಿ ಅಲುಗುತ್ತಿತ್ತು, ತಟ್ಟೆಯಲ್ಲಿಟ್ಟ ಲೋಟ ತಾನಾಗಿಯೇ ಗಿಲಿಗುಟ್ಟುತ್ತಿತ್ತು. ಆ ಮನೆಯವರು ಕೂಗಿ ಮಾತಾಡುವುದು ಸಿಟ್ಟಿನಿಂದಲ್ಲ ಎಂದು ತಿಳಿಯಲು ನನಗೆ ಒಂದು ಹಬ್ಬವೇ ಬೇಕಾಯಿತು. ಅಕ್ಕನಿಗೆ ಎರಡು ಸಲ ಗರ್ಭ ನಿಂತು ಜಾರಿ ಹೋಗಿತ್ತು. ಐದು ವರ್ಷದ ಹಿಂದೆ, ಎಂಬತ್ತೆರಡರ ಸುಗ್ಗಿಯಲ್ಲಿ ಮತ್ತೆ ಮುಟ್ಟು ತಪ್ಪಿತು. ಖಾತ್ರಿಯಾಗುವ ತನಕ ಗಂಡನಿಗೆ ಬಿಟ್ಟು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ ನನ್ನನ್ನು ಕರೆಸಿಕೊಂಡಳು.

ನನ್ನ ಹತ್ತಿರ ಒಂದು ಉಪಾಯವಿತ್ತು. ದುಬೈಯಲ್ಲಿ ನರ್ಸ್ ಆಗಿದ್ದ ಗೆಳತಿಯ ಅತ್ತಿಗೆ ರಜೆಗೆ ಬಂದಾಗ ಒಂದು ಪೆಟ್ಟಿಗೆ ತಂದಿದ್ದಳು. ಅದರಲ್ಲಿ ಗಾಜಿನ ಪುಟ್ಟ ಕೊಳವೆ, ಅದನ್ನು ನಿಲ್ಲಿಸಲು ಒಂದು ಸ್ಟ್ಯಾಂಡು, ಅಡಿಯಲ್ಲಿ ಕನ್ನಡಿ. ಬೆಳಗಿನ ಮೊದಲ ಮೂತ್ರದ ಹನಿಗಳನ್ನು ಹಾಕಿ ನೀರು ಬೆರೆಸಿ ಎರಡು ಗಂಟೆ ಬಿಟ್ಟರೆ, ಗರ್ಭವಿದ್ದವರಿಗೆ ಕೊಳವೆಯ ತಳದಲ್ಲಿ ಕಂದು ಬಣ್ಣದ ಉಂಗುರ ಮೂಡಬೇಕು. ಆದರೆ ಕೊಳವೆ ಒಂದಿಷ್ಟೂ ಅಲುಗಬಾರದು. ಆ ಮನೆಯಲ್ಲಿ ಅಲುಗದ್ದು ಯಾವುದಿತ್ತು?

ಕರೆಂಟ್ ಹೋಗಲಿ ಎಂದು ಕಾದೆವು. ದಿನವೂ ಕೈಕೊಡುವ ಕರೆಂಟು ಆ ವಾರ ಮಾತ್ರ ಹೋಗಲಿಲ್ಲ. ಕೊನೆಗೆ ಮಾಮ, ಅಂದರೆ ಅಕ್ಕನ ಗಂಡ, ಬೆಳಿಗ್ಗೆ ಎದ್ದವನೇ ತಾನೇ ಮಿಲ್ಲಿನ ಬೆಲ್ಟು ಕಳಚಿ 'ಹರದೈತಿ' ಎಂದುಬಿಟ್ಟ. ಬಾಗಿಲಲ್ಲಿ ಭತ್ತದ ಗಾಡಿಗಳು ಸಾಲುಗಟ್ಟಿದ್ದವು. "ಸಾವುಕಾರ್ರಿ, ಬೆಲ್ಟ್ ಹರದೈತೋ, ನಿಮ್ಮ ನಿದ್ದಿ ಹರದಿಲ್ಲೋ?" ಎಂದು ಒಬ್ಬ ರೈತ ಕೂಗಿದ. ಮಾಮ ಬೈಸಿಕೊಂಡು ನಗುತ್ತಾ ನಿಂತಿದ್ದ. ಸುಗ್ಗಿಯಲ್ಲಿ ಮಿಲ್ಲು ನಿಲ್ಲಿಸಿದ ಆ ಮನುಷ್ಯನ ಬಗ್ಗೆ ನನಗೆ ಅವತ್ತಿನಿಂದ ಇರುವ ಗೌರವ ಕಡಿಮೆಯಾಗಿಲ್ಲ.

ಒಳಕೋಣೆಯಲ್ಲಿ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕೊಳವೆಯನ್ನು ಕಾಯುತ್ತಾ ಬೇಸತ್ತು ನಾನು ಅವಳ ಹೊಟ್ಟೆಗೆ ಕಿವಿ ತಾಗುವಂತೆ ತೊಡೆಯ ಮೇಲೆ ತಲೆಯಿಟ್ಟೆ. ಆಗ ಕೇಳಿಸಿತು. ದೂರದ ಕಾಲುವೆಯ ದಂಡೆಯಲ್ಲಿ ಪಂಪ್‌ಸೆಟ್ ಓಡಿದಂತೆ ಟುಕುಟುಕುಟುಕು. ತಲೆ ಎತ್ತಿದರೆ ಇಲ್ಲ, ಇಟ್ಟರೆ ಇದೆ. ನನ್ನ ನಾಡಿ ಹಿಡಿದು ನೋಡಿಕೊಂಡೆ, ಅದು ನಿಧಾನವಾಗಿತ್ತು. ಬಳೆ ಸರಿಸುವ ನೆಪದಲ್ಲಿ ಅಕ್ಕನ ನಾಡಿಯನ್ನೂ ಹಿಡಿದೆ. ಅದೂ ನಿಧಾನವೇ. ಅಷ್ಟು ಎಳೆಯ ಗರ್ಭದ ಸದ್ದು ಬರಿಗಿವಿಗೆ ಕೇಳುವುದು ಸಾಧ್ಯವೇ ಇಲ್ಲ ಎಂದು ನನಗೆ ಗೊತ್ತಿತ್ತು. ಹಾಗಾಗಿ ಬಾಯಿ ಬಿಡಲಿಲ್ಲ. ಕೊಳವೆಯ ಕೆಳಗಿನ ಕನ್ನಡಿಯಲ್ಲಿ ಮಾತ್ರ ದುಂಡಗೆ ಉಂಗುರ ಮೂಡಿತ್ತು.

ಖಾತ್ರಿ ಮಾಡಿಕೊಳ್ಳಲು ಬಳ್ಳಾರಿಯ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಅಕ್ಕನ ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದರು. ಗರ್ಭವಿಲ್ಲ ಎಂದು ಬಂತು. ನಾನು ಹಟ ಹಿಡಿದು ಇನ್ನೊಮ್ಮೆ ಕಳಿಸುವಂತೆ ಮಾಡಿದೆ. ಅದೇ ಉತ್ತರ. "ನಿಮ್ಮ ಕನ್ನಡಿಯೊಳಗಿನ ಉಂಗುರ ಬೆರಳಿಗೆ ಹಾಕ್ಕೊಳ್ಳಾಕ ಬರ್ತೈತೇನ್ರಿ?" ಎಂದು ನಕ್ಕು ಅವರು ಮುಟ್ಟು ಬರಿಸುವ ಮಾತ್ರೆ ಬರೆದುಕೊಟ್ಟರು.

ಸಿರುಗುಪ್ಪದ ಬಸ್ಸಿನಲ್ಲಿ ನಾನು ರಕ್ತದ ಪಕ್ಷ ವಹಿಸಿ ಮಾತಾಡಿದೆ. ಮಿಲ್ಲು ನಿಂತರೇನು, ರಸ್ತೆಯಲ್ಲಿ ಲಾರಿ ಓಡುತ್ತಿರಲಿಲ್ಲವೇ? ಪೆಟ್ಟಿಗೆ ದುಬೈಯಿಂದ ಬಿಸಿಲಲ್ಲಿ ಬಂದದ್ದಲ್ಲವೇ? ಎರಡು ಸಲ ರಕ್ತ ಹೇಳಿದ್ದು ದೊಡ್ಡದೋ, ಒಂದು ಸಲ ಗಾಜು ಹೇಳಿದ್ದೋ? ಒಳ್ಳೆಯ ವಾದವೇ ಆಗಿತ್ತು. ಅಂಗಡಿಯಲ್ಲಿ ಕೊಂಡ ಮಾತ್ರೆಯ ಪೊಟ್ಟಣವನ್ನು ಅಂಗೈಯಲ್ಲಿ ಇಟ್ಟುಕೊಂಡು ಅಕ್ಕ ಎಲ್ಲವನ್ನೂ ಕೇಳಿದಳು.

"ಮುಗೀತೇನ್ಲೇ ನಿನ್ನ ಭಾಷಣ?" ಎಂದಳು. "ಅವತ್ತು ನನ್ನ ತೊಡಿ ಮ್ಯಾಲೆ ಮಲಗಿದ್ದೆಲ್ಲ, ಏನು ಕೇಳಿಸ್ತು?"

ನಾನು ಬೆಚ್ಚಿದೆ. "ಏನು ಕೇಳಿಸ್ಬೇಕಿತ್ತು?"

"ನಾ ಹೇಳಿದ್ರ ನೀ ಬರೇ ಹೂಂ ಅಂತಿ. ನೀನ ಹೇಳು. ಸುಳ್ಳು ಹೇಳಬ್ಯಾಡ, ಇವನ್ನ ನುಂಗಬೇಕೋ ಬ್ಯಾಡೋ ಅದರ ಮ್ಯಾಲೆ ಐತಿ."

ಸಾಕ್ಷಿಯ ಬಾಯಲ್ಲಿ ಮಾತು ತುರುಕಬಾರದು ಎಂಬುದನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೆ. ವೇದಿಕೆಯನ್ನೇ ಹತ್ತದ ಅಕ್ಕ ಅದನ್ನು ಮಾಡಿ ತೋರಿಸಿದಳು. ಎಲ್ಲ ಕಳೆದುಹೋಗಬಹುದಾದ ಹೊತ್ತಿನಲ್ಲಿ ಅಷ್ಟು ತಣ್ಣಗೆ ಪ್ರಶ್ನೆ ಕೇಳಿದವರನ್ನು ನಾನು ಬೇರೆ ಕಂಡಿಲ್ಲ.

"ಪಂಪ್‌ಸೆಟ್ ಓಡಿದಂಗ," ಎಂದೆ.

ಅವಳ ಕಣ್ಣು ತುಂಬಿ ಬಂತು. "ದೂರದಾಗ," ಎಂದಳು. "ಕಾಲುವಿ ದಂಡ್ಯಾಗ." ಬಸ್ಸು ಕಾಲುವೆ ದಾಟುವಾಗ ಮಾತ್ರೆಗಳನ್ನು ಕಿಟಕಿಯಿಂದ ಹೊರಗೆ ಎಸೆದುಬಿಟ್ಟಳು.

ಮುಂದೆ ಹೊಟ್ಟೆ ಬಂತು, ಹೆಣ್ಣು ಮಗು ಹುಟ್ಟಿತು, ದುಂಡಗೆ, ದಿನ ತುಂಬಿ. ತೊಡಕು ಇರುವುದು ಅಲ್ಲೇ. ಉಂಗುರದ ಲೆಕ್ಕ ಹಿಡಿದರೆ ಮಗು ಒಂದೂವರೆ ತಿಂಗಳು ತಡ. ಯಾವ ಮಗುವೂ ಅಷ್ಟು ಕಾಯುವುದಿಲ್ಲ. ಡಾಕ್ಟರು ಹಿಂದಕ್ಕೆ ಎಣಿಸಿ, ಗರ್ಭ ನಿಂತದ್ದೇ ಎರಡನೇ ಸಲ ರಕ್ತ ಕೊಟ್ಟ ಮೇಲೆ ಎಂದರು. ಹಾಗಾದರೆ ರಕ್ತ ಹೇಳಿದ್ದು ನಿಜ. ಮಿಲ್ಲು ನಿಂತ ಆ ಬೆಳಿಗ್ಗೆ ಅಕ್ಕನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಗಾಜು ತಪ್ಪಬಹುದು, ಒಪ್ಪಿದೆ. ನನ್ನ ಕಿವಿಯೂ ತಪ್ಪಬಹುದು. ನಾನು ಬಾಯಿಬಿಡದ ಸದ್ದನ್ನು ಅಕ್ಕನ ಕಿವಿಯೂ ಅದೇ ತಪ್ಪಿನಿಂದ ಕೇಳಿದ್ದು ಹೇಗೆ? ಇದರ ಪರವಾಗಿಯೂ ವಿರೋಧವಾಗಿಯೂ ವಾದಿಸಿ ನೋಡಿದ್ದೇನೆ. ಎರಡೂ ಕಡೆ ಸೋತಿದ್ದೇನೆ. ಅಕ್ಕನಿಗೆ ಈ ಕಾಟವಿಲ್ಲ. "ಇರಾಕ ಬರೂಕಿಂತ ಮೊದಲ ಒಮ್ಮೆ ಬಂದು ಮನಿ ನೋಡಿ ಹೋಗಿರಬೇಕು ಬಿಡು," ಎನ್ನುತ್ತಾಳೆ.

ಆ ಹುಡುಗಿ ಈಗ ಅಂಗಳ ತುಂಬ ಓಡಾಡುತ್ತಾಳೆ. ಮಿಲ್ಲಿನ ಮನೆಯ ಮಕ್ಕಳು ಸದ್ದಿನಲ್ಲಿ ನಿದ್ದೆ ಮಾಡುತ್ತವೆ, ಸದ್ದು ನಿಂತರೆ ಏಳುತ್ತವೆ. ಮೊನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಮಿಲ್ಲು ನಿಂತಾಗ ಅವಳು ಎಚ್ಚರಾದಳು. ಪಕ್ಕದಲ್ಲಿದ್ದ ನಾನು ಅವಳ ಎದೆಗೆ ಕಿವಿಯಿಟ್ಟೆ.

"ಏನ್ ಕೇಳಾಕತ್ತೀ ಚಿಗವ್ವಾ?"

"ತಡಿ, ಸುಮ್ಮನಿರು," ಎಂದೆ. ಅವಳು ಉಸಿರು ಹಿಡಿದು ಸಹಕರಿಸಿದಳು. ಅವತ್ತಿನ ಸದ್ದು ಅದೋ ಅಲ್ಲವೋ ಎಂದು ಗುರುತು ಹಿಡಿಯುವಷ್ಟರಲ್ಲಿ ಕರೆಂಟ್ ಬಂತು, ತಟ್ಟೆಯ ಮೇಲಿನ ಲೋಟ ಗಿಲಿಗುಟ್ಟತೊಡಗಿತು.