ಕಾಂಬೋಜಿ ಯಾರ ಪೈಕಿ?

ಐವತ್ತು ದಾಟಿದ ಮೇಲೆ ನಾನು ಸಂಗೀತ ಕಲಿಯಲು ಹೊರಟದ್ದನ್ನು ನಮ್ಮ ಓಣಿಯ ನಾಯಿಗಳು ಕ್ಷಮಿಸಿವೆ. ಮನೆಯವರು ಇನ್ನೂ ಕ್ಷಮಿಸಿಲ್ಲ. ಭಾನುವಾರ ನ್ಯಾಮತಿಯ ನನ್ನ ಬಟ್ಟೆ ಅಂಗಡಿಗೆ ಬೀಗ ಹಾಕಿ, ಬಸ್ ಹತ್ತಿ ಹೊನ್ನಾಳಿಯ ಮೇಷ್ಟ್ರ ಮನೆಗೆ ಹೋಗುತ್ತೇನೆ.

ನಮ್ಮ ಸೀಮೆಯ ಬಸ್ಸಿನಲ್ಲಿ ಪಕ್ಕದವರು ಟಿಕೆಟ್ ತೆಗೆಯುವ ಮೊದಲೇ "ನೀವು ಯಾರ ಪೈಕಿ?" ಎನ್ನುತ್ತಾರೆ. ಊರು, ಮನೆತನ, ಕುಲದೊಳಗಿನ ಕವಲಾದ ಬೆಡಗು, ಸೋದರಮಾವ ಎಲ್ಲ ಒಪ್ಪಿಸಿದ ಮೇಲೆಯೇ ಕಾಲು ಚಾಚಲು ಜಾಗ. ಇದರಿಂದ ತಪ್ಪಿಸಿಕೊಳ್ಳೋಣವೆಂದು ಸಂಗೀತಕ್ಕೆ ಬಂದರೆ ಮೇಷ್ಟ್ರೂ ಅದನ್ನೇ ಕೇಳಬೇಕೆ? ಈ ರಾಗ ಯಾವ ಮೇಳದ ಜನ್ಯ? ಮೇಳವೆಂದರೆ ಹೆತ್ತ ರಾಗ, ಜನಕ; ಅಂಥವು ಎಪ್ಪತ್ತೆರಡಂತೆ, ಏಳೂ ಸ್ವರವಿರುವ ತುಂಬಿದ ಮನೆಗಳು. ಒಂದೆರಡು ಸ್ವರ ಬಿಟ್ಟು, ದಾರಿ ಬದಲಿಸಿ ಬೇರೆ ಸಂಸಾರ ಹೂಡಿದವು ಜನ್ಯಗಳು. ಕಾಂಬೋಜಿಯ ಅಪ್ಪ ಹರಿಕಾಂಬೋಜಿ ಎಂದು ಗಿರಾಕಿಗಳ ಮುಂದೆಯೂ ಬಾಯಿಪಾಠ ಮಾಡಿದೆ.

ಒಂದು ದಿನ ಮೇಷ್ಟ್ರು ನಗುತ್ತಾ ಗುಟ್ಟು ಬಿಟ್ಟರು. ಕಾಂಬೋಜಿಯನ್ನು ಜನ ಹಾಡುತ್ತಾ ಎಷ್ಟೋ ಕಾಲವಾದ ಮೇಲೆ ಪಂಡಿತರು ಈ ಮೇಳಗಳ ಲೆಕ್ಕ ಹಾಕಿದ್ದು. ಆಗ ಮಗಳಿಗೊಬ್ಬ ಅಪ್ಪ ಬೇಕಾದ. ಮಗಳ ಹೆಸರಿಗೇ 'ಹರಿ' ಅಂಟಿಸಿ ಅಪ್ಪನಿಗೆ ನಾಮಕರಣ ಮಾಡಿದರು. ಅದೂ ಭಕ್ತಿಯಿಂದಲ್ಲ, ಆ ಎರಡಕ್ಷರವನ್ನು ಅಂಕಿಗಳಾಗಿ ಓದಿದರೆ ಮೇಳದ ಸಂಖ್ಯೆ ಇಪ್ಪತ್ತೆಂಟು ಹೊರಡುತ್ತದೆಂದು. ಸಾಲದ್ದಕ್ಕೆ ಕಾಂಬೋಜಿ ಆಗಾಗ ಅಪ್ಪನ ಮನೆಯಲ್ಲಿಲ್ಲದ ನಿಷಾದ ಸ್ವರವೊಂದನ್ನು ಹೊರಗಿನಿಂದ ತರುತ್ತಾಳೆ; ಕೇಳುವವರು ತಲೆದೂಗುವುದೂ ಅಲ್ಲಿಯೇ.

ಇದನ್ನೆಲ್ಲ ನಮ್ಮ ಅಕ್ಕನಿಗೆ ಹೇಳಿ ಬೈಸಿಕೊಂಡೆ. ಅವಳ ಮಗ ಮಂಜು ಜಗಳೂರಿನ ಆಸ್ಪತ್ರೆಯ ನರ್ಸ್ ಶಾರದೆಯನ್ನೇ ಮದುವೆಯಾಗುವುದಾಗಿ ಹಟ ಹಿಡಿದಿದ್ದ. ಅನಾಥಾಲಯದಲ್ಲಿ ಬೆಳೆದ ಹುಡುಗಿ, ಹೆತ್ತವರು ಯಾರೆಂದು ಅವಳಿಗೂ ತಿಳಿಯದು. ಮಗ ಅಮ್ಮನ ಕೂಡ ಮಾತು ಬಿಟ್ಟು ತಿಂಗಳಾಗಿತ್ತು.

"ಹುಡುಗಿ ಬಂಗಾರ ಇರಬೋದು," ಎಂದಳು ಅಕ್ಕ. "ಯಾರ ಪೈಕಿ ಅಂತ ಜನಕ್ಕೆ ಹೇಳಾಕೆ ಏನೈತೆ?"

ಆದರೂ ನೋಡಿಯೇ ಬೇಡವೆನ್ನೋಣ ಎಂದು ನನ್ನನ್ನು ಕರೆದುಕೊಂಡು ಹೊರಟಳು. ಜಗಳೂರಿನ ಆಸ್ಪತ್ರೆಯ ಬೆಂಚು ತುಂಬಿತ್ತು. ಶಾರದೆ ಒಳಗೆ ಯಾರಿಗೋ ಗಾಯ ಕಟ್ಟುತ್ತಿದ್ದಳು. ಕಂಬಳಿ ಹೊದ್ದ ಅಜ್ಜಿಯೊಬ್ಬಳು, ಶಾರದವ್ವ ಇಲ್ಲದಿದ್ದರೆ ತನ್ನ ಕಾಲು ಉಳಿಯುತ್ತಿರಲಿಲ್ಲವೆಂದು ಪಕ್ಕದವರಿಗೆಲ್ಲ ಸಾರುತ್ತಿದ್ದಳು. ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆ ಕೇಳುತ್ತಾ ನಿಂತಿದ್ದಳು. ಅಜ್ಜಿ ಇತ್ತ ತಿರುಗಿ ಕೇಳಿಯೇಬಿಟ್ಟಳು:

"ನೀನು ಯಾರ ಪೈಕಿ ಆದೆವ್ವಾ?"

ಬೆಡಗು, ಮನೆತನ ಎಲ್ಲ ಅಕ್ಕನ ನಾಲಿಗೆಯ ತುದಿಯಲ್ಲೇ ಇರುತ್ತವೆ. ಅವತ್ತು ಯಾಕೋ ತಡವರಿಸಿದಳು. ಶಾರದೆ ಇದ್ದ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು:

"ನಾನು ಶಾರದನ ಪೈಕಿ."

ಬೆಂಚಿನವರೆಲ್ಲ ದಡಬಡನೆ ಸರಿದು ಜಾಗ ಮಾಡಿದರು. ಅಕ್ಕ ಠೀವಿಯಿಂದ ಕೂತು ಸೆರಗು ಸರಿಮಾಡಿಕೊಂಡಳು. ನನಗೆ ಕಣ್ಣು ತುಂಬಿತು. ಮಗಳ ಹೆಸರನ್ನು ಅಪ್ಪನಿಗಿಟ್ಟ ಆ ಪಂಡಿತರು ದಡ್ಡರೇನಲ್ಲ.