ಡೆಸ್ ಪೆಲೋನ ಅಳತೆಗೋಲು

ಮಾರ್ಚ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಆರು ನಲವತ್ತಕ್ಕೆ, ಡೆಸ್ ಪೆಲೋ ಬಾಲಾಕ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಮಂಡಿಯೂರಿ, ಗೋಡೆಯ ಅಳತೆಗೋಲು ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡುತ್ತಿದ್ದ. ಕೂದಲೆಳೆಯಷ್ಟೂ ವಾಲಿರಲಿಲ್ಲ. ಆದರೂ ಎರಡು ಮೀಟರಿನ ಉಕ್ಕಿನ ಸರಳನ್ನು ಪಕ್ಕಕ್ಕೆ ಹಿಡಿದು ಇನ್ನೊಮ್ಮೆ ತಾಳೆ ನೋಡಿದ.

ಡೆಸ್‌ಗೆ ಆಗ ಎಪ್ಪತ್ತೊಂದು. ನಲವತ್ತು ವರ್ಷ ವಿಮ್ಮೆರಾ ಬಯಲಿನ ಕುರಿದೊಡ್ಡಿಗಳಲ್ಲಿ ಉಣ್ಣೆಯ ದರ್ಜೆ ಗೊತ್ತುಮಾಡಿದವನು. ಎಳೆಯನ್ನು ಬೆರಳಲ್ಲಿ ಹೊಸೆದು ಇಷ್ಟು ಮೈಕ್ರಾನ್ ದಪ್ಪ ಎನ್ನುತ್ತಿದ್ದ. ಪ್ರಯೋಗಾಲಯದ ಉತ್ತರ ಅದರ ಆಸುಪಾಸಿನಲ್ಲೇ ಬರುತ್ತಿತ್ತು. ಹದಿನೆಂಟರೊಳಗಿನ ಆಟಗಾರರನ್ನು ತಯಾರು ಮಾಡುವ ಈ ಕ್ಲಬ್ಬಿನಲ್ಲಿ ಅವನದು ಒಂದೇ ಕೆಲಸ, ಎತ್ತರ ಅಳೆಯುವುದು. ನವೆಂಬರಿನಲ್ಲಿ ದೊಡ್ಡ ಕ್ಲಬ್ಬುಗಳು ಹೊಸಬರನ್ನು ಆರಿಸಿಕೊಳ್ಳುವಾಗ ಮೊದಲು ಕೇಳುವುದು ಆ ಪಟ್ಟಿಯನ್ನೇ.

ಮಕ್ಕಳನ್ನೆಲ್ಲ ಅವನು ಕರೆಯುತ್ತಿದ್ದುದು ಮರಿ ಎಂದು. "ನಾವೇನ್ ನಿನ್ ಕುರಿಗಳಾ, ತಾತ?" ಎಂದು ಯಾರಾದರೂ ಕೆಣಕಿದರೆ, "ಕುರಿ ಆಗಿದ್ರೆ ಇಷ್ಟು ಅಲುಗಾಡ್ತಿರ್ಲಿಲ್ಲ, ನೆಟ್ಟಗ್ ನಿಂತ್ಕೋ" ಎನ್ನುತ್ತಿದ್ದ.

ಒಮ್ಮೆ ಅವನೂ ತಪ್ಪಿದ್ದ. ಹನ್ನೊಂದು ವರ್ಷದ ಹಿಂದೆ ಒಬ್ಬ ಹುಡುಗನ ಮುಖ ನೋಡಿ ಒಂದು ಸೆಂಟಿಮೀಟರ್ ಏರಿಸಿ ಬರೆದ. ಮೆಲ್ಬರ್ನಿನಲ್ಲಿ ಮತ್ತೆ ಅಳೆದಾಗ ಗುಟ್ಟು ರಟ್ಟಾಯಿತು. ಆಮೇಲೆ ಎರಡು ವರ್ಷ ಬಾಲಾಕಿನ ಯಾವ ಹುಡುಗನ ಅಂಕಿಯನ್ನೂ ಯಾರೂ ನಂಬಲಿಲ್ಲ. ಅಂದಿನಿಂದ ಡೆಸ್ ಮೂರು ಸಲ ಅಳೆದು, ನಡುವಿನ ಅಂಕಿಯನ್ನು ಇಡೀ ಕೋಣೆಗೆ ಕೇಳುವಂತೆ ಕೂಗುತ್ತಾನೆ. ಬರೆಯುವವರು ಬೇರೆ. ಅಳತೆ ಬೆಳಿಗ್ಗೆಯೇ ಆಗಬೇಕು, ಏಕೆಂದರೆ ನಿಂತು ಓಡಾಡಿದಷ್ಟೂ ಬೆನ್ನುಮೂಳೆ ಅಮುಕಿಕೊಂಡು ಸಂಜೆಗೆ ಮನುಷ್ಯ ಸುಮಾರು ಒಂದು ಸೆಂಟಿಮೀಟರ್ ಗಿಡ್ಡನಾಗುತ್ತಾನೆ.

ಇದು ಗೊತ್ತಿದ್ದೇ, ಕುರಿ ಸಾಕಣೆಯ ಕೆರಿನ್ ಹ್ಯಾನಫರ್ಡ್ ಅಂದು ಮಗ ಟಲ್ಲಿಯನ್ನು ತೊಂಬತ್ತು ಕಿಲೋಮೀಟರ್ ದೂರ, ಕಾರಿನ ಹಿಂಬದಿಯಲ್ಲಿ ಹಾಸಿಗೆ ಹಾಸಿ, ಅಂಗಾತ ಮಲಗಿಸಿಕೊಂಡು ಬಂದಳು. ಕೈಯಿಂದಲೂ ಆಡುವ ಅವರ ಫುಟ್‌ಬಾಲಿನಲ್ಲಿ ಮೈದಾನದ ನಡುವೆ ಎಗರಿ ಚೆಂಡನ್ನು ತನ್ನವರ ಕಡೆಗೆ ತಟ್ಟುವ ಉದ್ದನೆಯ ಆಟಗಾರ ಟಲ್ಲಿ. ಎರಡು ಮೀಟರ್ ಇದ್ದರೆ ನೋಡೋಣ ಎಂದಿದ್ದ ಮೆಲ್ಬರ್ನಿನ ಕ್ಲಬ್ಬಿನವನು ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಏಣಿ ಬಂತು, ದಾರಿ ಬಿಡ್ರೋ" ಎಂದು ಗೆಳೆಯರು ನಕ್ಕರು. ಟಲ್ಲಿ ನಗಲಿಲ್ಲ. ಗೋಡೆಗೆ ಹಿಮ್ಮಡಿ ಒತ್ತಿ ಉಸಿರೆಳೆದು ನಿಂತ. ಡೆಸ್ ಮೂರು ಸಲ ಅಳತೆಗೋಲಿನ ಹಲಗೆಯನ್ನು ಅವನ ತಲೆಗೆ ತಾಗುವಂತೆ ಇಳಿಸಿದ. ಅಂಕಿ ಕೆರಿನ್‌ಗೂ ಕಂಡಿತು. ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಷ್ಟು ಚೂರು ಯಾರ್ ಕಣ್ಣಿಗ್ ಕಾಣುತ್ತೆ, ಡೆಸ್? ಎರಡು ಮೀಟರ್ ಅಂದ್ಬಿಡಪ್ಪ."

"ನನ್ ಕಣ್ಣಿಗ್ ಕಂಡ್ಬಿಡ್ತಲ್ಲಮ್ಮ" ಎಂದು, ಡೆಸ್ ತಿರುಗಿ ಅಂಕಿಯನ್ನು ಕೂಗಿದ.

ಬಾಗಿಲಲ್ಲಿದ್ದವನು ಬರೆದುಕೊಂಡು ಪುಸ್ತಕ ಮುಚ್ಚಿದ. ನವೆಂಬರಿನಲ್ಲಿ ಅವನ ಕ್ಲಬ್ಬು ಬೇರೆ ಊರಿನ ಹುಡುಗನನ್ನು ಆರಿಸಿಕೊಂಡಿತು; ಟಲ್ಲಿಯ ಹೆಸರನ್ನು ಯಾರೂ ಕರೆಯಲಿಲ್ಲ. ಅವನು ಗೀಲಾಂಗಿಗೆ ಹೋಗಿ ವೈರಿಂಗ್ ಕೆಲಸ ಕಲಿಯುತ್ತ, ಶನಿವಾರಗಳಂದು ಅಲ್ಲಿನ ಸಣ್ಣ ತಂಡದಲ್ಲಿ ಆಡತೊಡಗಿದ. ಕೆರಿನ್ ಎರಡು ವರ್ಷ ಡೆಸ್‌ನನ್ನು ಮಾತಾಡಿಸಲಿಲ್ಲ. ಪೇಟೆಗೆ ಬಂದಾಗ ಬ್ರೆಡ್ ಅಂಗಡಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದಳು.

ಮೂರನೆಯ ವರ್ಷ ಉಣ್ಣೆ ಕತ್ತರಿಸುವ ವಾರದಲ್ಲಿ ಅವಳೇ ಫೋನ್ ಮಾಡಿ, ದರ್ಜೆ ನೋಡುವವನು ಕೈಕೊಟ್ಟಿದ್ದಾನೆ, ಮಂಗಳವಾರ ಬರಲಾಗುತ್ತದೆಯೇ ಎಂದಷ್ಟೇ ಕೇಳಿದಳು. ಡೆಸ್ ಹೋದ. ಮಧ್ಯಾಹ್ನ ಕೈಯ ಜಿಡ್ಡು ತೊಳೆಯಲು ಬಟ್ಟೆ ಒಗೆಯುವ ಕೋಣೆಗೆ ಕಾಲಿಟ್ಟಾಗ, ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳು ಕಂಡವು. ಟಲ್ಲಿಯ ಎರಡನೆಯ ಹುಟ್ಟುಹಬ್ಬದಿಂದ ವರ್ಷಕ್ಕೊಂದು, ಎಲ್ಲವೂ ಕೆರಿನ್‌ಳ ಕೈಬರಹ. ಎಲ್ಲಕ್ಕಿಂತ ಮೇಲಿನ ಗೆರೆಗೆ ಆ ಮಾರ್ಚ್ ಶನಿವಾರದ ತಾರೀಖಿತ್ತು. ಅವಳ ಮನೆಯ ಬಾಗಿಲು. ಅಲ್ಲಿ ಏನು ಬರೆದುಕೊಂಡರೂ ಯಾರೂ ಬಂದು ಅಳೆಯುತ್ತಿರಲಿಲ್ಲ. ಡೆಸ್ ಕನ್ನಡಕ ಒರೆಸಿಕೊಂಡು ಕತ್ತೆತ್ತಿ ಓದಿದ. ಅಂದು ಅವನು ಕೂಗಿದ್ದೇ ಇತ್ತು: ನೂರ ತೊಂಬತ್ತೊಂಬತ್ತು ಪಾಯಿಂಟ್ ಆರು.