ಲಕ್ಷ್ಮಿಯನ್ನು ನೋಡದ ಆನೆಗಳು

ನಮ್ಮ ಅಡಿಗೆಮನೆಯಲ್ಲಿ, ಒಲೆಗೂ ಹಿತ್ತಲ ಬಾಗಿಲಿಗೂ ನಡುವೆ, ಎರಡು ಗೂಟಗಳ ಮೇಲೆ ಒಂದು ಹಲಗೆ ಮಲಗಿದೆ. ಅದರಲ್ಲಿ ಎರಡು ದುಂಡನೆಯ ತೂತುಗಳು. ಒಂದರಲ್ಲಿ ಮಜ್ಜಿಗೆಯ ಚೆಂಬು, ಇನ್ನೊಂದರಲ್ಲಿ ನೀರಿನ ಚೆಂಬು, ಎರಡೂ ಅಲುಗಾಡದೆ ಕೂರುತ್ತವೆ. ತೂತುಗಳ ನಡುವೆ ಅಂಗೈಯಗಲದ ಲಕ್ಷ್ಮಿ, ಆಚೆಗೊಂದು ಈಚೆಗೊಂದು ಆನೆ, ಸುತ್ತಲೂ ಬಳ್ಳಿ. ಚೆಂಬು ಎತ್ತಿಕೊಳ್ಳಲು ಬಂದವರು ಒಂದು ಗಳಿಗೆ ಬಗ್ಗಿ ನೋಡಿ, ಆನೆಗಳೆರಡೂ ಲಕ್ಷ್ಮಿಯನ್ನು ಬಿಟ್ಟು ಬೇರೆಲ್ಲೋ ನೋಡುತ್ತಿವೆಯಲ್ಲ ಎಂದು ಕೇಳುವುದುಂಟು. ಇದು ತೀರ್ಥಹಳ್ಳಿಯ ಡಾಕ್ಟರೊಬ್ಬರ ವಿಲಾಯತಿ ಕಾರಿಗೆಂದು ಮಾಡಿದ ಹಲಗೆ ಎಂದರೆ ನಗುತ್ತಾರೆ. ನಾನು ನಗುವುದಿಲ್ಲ, ದಿನಾ ಬೆಳಿಗ್ಗೆ ಅದರ ಮಸಿ ಒರೆಸುವವಳು ನಾನು.

ನಮ್ಮ ಯಜಮಾನರು ಸಾಗರದ ಗುಡಿಗಾರರು. ಗಂಧದ ತುಂಡು, ದಂತ, ಶಿವನೆ ಮರ, ಯಾವುದು ಕೊಟ್ಟರೂ ಅದರ ಮೈಮೇಲೆ ಒಂದಿಂಚು ಜಾಗ ಬಿಡದೆ ಹೂವು, ಹಕ್ಕಿ, ದೇವರು ತುಂಬಿಸುವುದು ಇವರಿಗೆ ಉಸಿರಾಟದಷ್ಟೇ ಸಹಜ. ಖಾಲಿ ಬಿಟ್ಟ ಮರವೆಂದರೆ ಇವರ ಕಣ್ಣಿಗೆ ಎಲೆ ಹಾಕಿ ಅನ್ನ ಬಡಿಸದೆ ಬಿಟ್ಟ ಹಾಗೆ. ಆದರೆ ಆ ಕಣ್ಣಿನ ಸಂಗತಿಯೇ ಎರಡು ವರ್ಷದಿಂದ ಸರಿಯಿರಲಿಲ್ಲ. ಒಳಗಿನ ಕೋಣೆಯಲ್ಲಿದ್ದ ಕೆಲಸದ ಮಣೆ ಮೊದಲು ಜಗಲಿಗೆ ಬಂತು, ಆಮೇಲೆ ಜಗಲಿಯ ಅಂಚಿಗೆ, ಆ ವರ್ಷದ ಬೇಸಗೆಯಲ್ಲಿ ಅಂಗಳಕ್ಕೇ ಇಳಿಯಿತು. ಕೇಳಿದರೆ ಉಳಿ ಮೊಂಡಾಗಿದೆ ಎನ್ನುತ್ತಿದ್ದರು. ಇಲ್ಲವೆಂದರೆ ಈಗಿನ ಬಿಸಿಲೇ ಮೊದಲಿನಂತಿಲ್ಲ ಎನ್ನುತ್ತಿದ್ದರು.

"ಇನ್ನೊಂದು ವರ್ಷಕ್ಕೆ ನಿನ್ ಗಂಡನ ಮಣೆ ರಸ್ತೆಗೆ ಬತ್ತದೆ ನೋಡು, ಜೀಪು ಬಂದ್ರೆ ಎದ್ದು ದಾರಿ ಬಿಡಬೇಕು," ಎಂದು ಅತ್ತೆ ಅಂದದ್ದು ತಮಾಷೆಗೆ. ಲಿಂಗನಮಕ್ಕಿಯ ಕಟ್ಟೆಯ ಕೆಲಸಕ್ಕೆ ಓಡಾಡುವ ಜೀಪುಗಳು ನಮ್ಮ ಬೀದಿಯಲ್ಲಿ ಆಗ ಬಹಳ. ನಾನು ನಗಲಿಲ್ಲ. ಕೆತ್ತುವವನ ಕಣ್ಣು ಹೋಯಿತೆಂಬ ಸುದ್ದಿ ಬೀದಿಗೆ ಬಿದ್ದರೆ ನಾಳೆಯಿಂದ ಯಾರೂ ಇವರ ಕೈಗೆ ಗಂಧದ ತುಂಡು ಕೊಡುವುದಿಲ್ಲ. ಕೈ ಖಾಲಿಯಾದ ದಿನ ಇವರು ಏನಾಗುತ್ತಾರೆಂದು ಯೋಚಿಸಲು ನನಗೆ ಧೈರ್ಯವಿರಲಿಲ್ಲ. ಹಾಗಾಗಿ ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಉಳಿಯನ್ನು ಮಾತ್ರ ದಿನಾ ಮಸೆಯುತ್ತಿದ್ದೆವು.

ಅಂಥ ದಿನಗಳಲ್ಲಿ ಆ ಕಾರು ನಮ್ಮ ಅಂಗಳದ ಮುಂದೆ ನಿಂತಿತು. ಊರು ಬಿಟ್ಟು ಹೋಗುವಾಗ ಕಾಫಿ ತೋಟದ ದೊರೆಯೊಬ್ಬ ಡಾಕ್ಟರಿಗೆ ಮಾರಿದ ಕಾರಂತೆ. ಹೊಸನಗರದ ದಾರಿಯ ಕೆಂಪು ಧೂಳನ್ನೆಲ್ಲ ಹೊತ್ತು ಬಂದಿದ್ದರೂ ಅದರ ಗತ್ತು ಹೋಗಿರಲಿಲ್ಲ. ಡ್ರೈವರ್ ಹೂವಪ್ಪ ಬಾಗಿಲು ತೆಗೆದು ತೋರಿಸಿದ: ಒಳಗೆ ಕೂತವರ ಎದುರಿಗೆ, ಈ ಕಡೆಯಿಂದ ಆ ಕಡೆಯವರೆಗೆ, ಒಂದು ಮರದ ಹಲಗೆ. ಅದರ ಬಲ ಅರ್ಧದಲ್ಲಿ ಜೇನಿನ ಬಣ್ಣದ ಮೇಲೆ ಕಂದು ಸುಳಿಗಳು ಹೊಗೆಯಂತೆ ಎದ್ದಿದ್ದವು. ಎಡ ಅರ್ಧದ ತೆಳ್ಳನೆಯ ಮೇಲ್ಪದರ ನಮ್ಮ ಮಳೆಗಾಲಗಳಿಗೆ ಸೋತು ಹಪ್ಪಳದಂತೆ ಎದ್ದು ಉದುರಿಹೋಗಿತ್ತು.

"ಬಲಗಡೆ ಹ್ಯಾಂಗದೆ, ಎಡಗಡೆನೂ ಹಾಂಗೇ ಆಗಬೇಕಂತೆ," ಎಂದ ಹೂವಪ್ಪ. "ಹೂ ಗೀ ಎಂತದೂ ಬ್ಯಾಡ, ಬರೀ ಹಲಗೆ ಅಂತ ಎರಡೆರಡು ಸಲ ಹೇಳಿ ಕಳಿಸ್ಯಾರೆ."

ಅತ್ತೆ ಇಣುಕಿ ನೋಡಿದರು. "ಇಷ್ಟು ದೊಡ್ಡ ಕಾರಿಗೆ ಇಷ್ಟೇ ಮರವಾ? ಉಳಿದದ್ದಕ್ಕೆ ಸಾಕಾಗಲಿಲ್ಲವೇನೋ, ಪಾಪ, ಕಬ್ಬಿಣ ಹಾಕ್ಯಾರೆ."

ಹೂವಪ್ಪ ತಿರುಪು ಬಿಚ್ಚಿ ಹಲಗೆಯನ್ನು ಇಳಿಸಿಕೊಟ್ಟ. ಅದರ ತೂತುಗಳಲ್ಲಿದ್ದ ಎರಡು ಗಡಿಯಾರಗಳು, ಒಂದು ವೇಗ ಹೇಳುವುದು, ಇನ್ನೊಂದು ಹೊತ್ತು ಹೇಳಬೇಕಾದದ್ದು, ತಂತಿಯಲ್ಲಿ ಜೋತುಬಿದ್ದವು. ಅವನ್ನು ಗಾಯಕ್ಕೆ ಸುತ್ತುವ ಬಟ್ಟೆಯಿಂದ ಕಟ್ಟಿಕೊಂಡು ವಾಪಸು ಹೊರಟ. ಡಾಕ್ಟರ ಕಾರಿನಲ್ಲಿ ಆ ಬಟ್ಟೆಗೆ ಕೊರತೆಯಿರಲಿಲ್ಲ.

ಕಾರು ತಿರುವು ದಾಟಿದ ಮೇಲೆ ಇವರು, "ಬರೀ ಹಲಗೆ ಕೊಡೋಕೆ ಗುಡಿಗಾರ ಯಾಕೆ ಬೇಕು?" ಎಂದರು. ನಾನು ಅಕ್ಕಿ ಆರಿಸುತ್ತಲೇ ಇದ್ದೆ. ಕೆತ್ತಬೇಡಿ ಎನ್ನಬೇಕಿತ್ತೆಂದು ಈಗ ಅನ್ನಿಸುತ್ತದೆ. ಆದರೆ ಇವರು ಏನನ್ನು ತೋರಿಸಿಕೊಡಲು ಹೊರಟಿದ್ದಾರೆ, ಯಾರಿಗೆ, ಎನ್ನುವುದು ತಿಳಿದವಳು ಬೇಡವೆನ್ನುವುದು ಹೇಗೆ?

ಶಿವನೆ ಮರದ ಹೊಸ ಹಲಗೆ ಬಂತು. ಹದಿನೈದು ದಿನ ಅಂಗಳದ ಬಿಸಿಲಿನಲ್ಲಿ ಕೂತು ಇವರು ಅದರ ಮೇಲೆ ನಾನು ಆಗಲೇ ಹೇಳಿದ್ದನ್ನೆಲ್ಲ ಕೆತ್ತಿದರು. ತೂತುಗಳ ಸುತ್ತ ಬಳ್ಳಿ ಓಡಿತು, ನಡುವೆ ಲಕ್ಷ್ಮಿ ಕೂತಳು, ಆನೆಗಳು ಸೊಂಡಿಲೆತ್ತಿದವು. ಬಳ್ಳಿ ಚೆನ್ನಾಗಿಯೇ ಬಂತು, ಅದು ಕೈಯ ಅಭ್ಯಾಸ. ಕೊನೆಯ ದಿನ ಆನೆಗಳಿಗೆ ಕಣ್ಣಿಟ್ಟರು. ಬಲದ ಆನೆ ಲಕ್ಷ್ಮಿಯನ್ನು ನೋಡಿತು. ಎಡದ ಆನೆಯ ಕಣ್ಣಿನ ಗೀರು ತಪ್ಪಿ ಹೊರಕ್ಕೆ ಬಿತ್ತು. ಲಕ್ಷ್ಮಿಯ ತಲೆಯ ಮೇಲೆ ನೀರೆರೆಯುತ್ತಲೇ ಅದು ನಮ್ಮ ಬಚ್ಚಲ ಕಡೆ ನೋಡುತ್ತಿತ್ತು. ನಾನು ನೋಡಿದೆ, ಅತ್ತೆ ನೋಡಿದರು. ಅತ್ತೆ ಜೀವಮಾನದಲ್ಲಿ ಆಡದೆ ಬಿಟ್ಟ ಮಾತುಗಳಲ್ಲಿ ಅಂದಿನದೂ ಒಂದು, ಅಂಥವು ಹೆಚ್ಚಿಲ್ಲ.

ಡಾಕ್ಟರು ತಾವೇ ಬಂದರು. ಹಲಗೆಯನ್ನು ಕಂಡ ಹೂವಪ್ಪ ಮೊದಲು ಬಾಯಿಬಿಟ್ಟ: "ಅಲ್ಲ ಮಾರಾಯ್ರೇ, ನಾ ರಸ್ತೆ ನೋಡಿ ಕಾರು ಬಿಡೋದಾ, ಲಕ್ಷ್ಮಿ ನೋಡಿ ಕೈ ಮುಗಿಯೋದಾ?" ಡಾಕ್ಟರು ಅವನಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿ, ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, ರೋಗಿಯ ಮನೆಯವರನ್ನು ಕೇಳುವ ದನಿಯಲ್ಲೇ ಕೇಳಿದರು.

"ಆನೆಗೆ ಎಷ್ಟು ದಿನದಿಂದ ಹೀಗಾಗಿದೆ?"

"ಯಾವ ಆನೆಗೆ?" ಎಂದರು ಇವರು.

ಎರಡು ವರ್ಷ ನಾವು ಮೂವರೂ ಸೇರಿ ಕಾಪಾಡಿಕೊಂಡು ಬಂದ ಗುಟ್ಟು ಆ ಎರಡು ಮಾತಿನಲ್ಲಿ ಅಂಗಳದಲ್ಲಿ ಬಿದ್ದಿತ್ತು. ಡಾಕ್ಟರು ಇವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು, ರೆಪ್ಪೆ ಎತ್ತಿದರು. "ಪೊರೆ ಬಂದಿದೆ, ಎರಡಕ್ಕೂ. ಇನ್ನೂ ಹಣ್ಣಾಗಿಲ್ಲ. ಮಳೆಗಾಲ ಕಳೆದ ಮೇಲೆ ಶಿವಮೊಗ್ಗದಲ್ಲಿ ತೆಗೆಸೋಣ, ನಾನು ಕಾಗದ ಕೊಡ್ತೇನೆ."

"ಅಲ್ಲೀವರೆಗೆ ನಾನು ಎಂತ ಮಾಡ್ಲಿ?" ಇವರ ದನಿ ನನಗೇ ಗುರುತು ಸಿಗಲಿಲ್ಲ.

"ನಾನು ಕೇಳಿದ್ದನ್ನ ಮಾಡಿ," ಎಂದರು ಡಾಕ್ಟರು. "ಬರೀ ಹಲಗೆ."

ಅವರು ಹೋದ ಮೇಲೆ ಇವರು ಮೂರು ದಿನ ಉಳಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಹಳೆಯ ಹಲಗೆಯನ್ನು ಎಳೆದುಕೊಂಡು ಅದರ ಉಳಿದ ಅರ್ಧವನ್ನು ಉಗುರಿನಿಂದ ತಡವಿದರು, ಹೂವಪ್ಪ ಹಲಗೆಯ ಜೊತೆಗೇ ಕಟ್ಟಿಕೊಟ್ಟಿದ್ದ ಉದುರಿದ ಚೂರುಗಳನ್ನು ಒಂದೊಂದಾಗಿ ಜೋಡಿಸಲು ನನಗೆ ಹೇಳಿದರು. "ಈ ಚೂರಲ್ಲಿ ಸುಳಿ ಯಾವ ಕಡೆಗೆ? ಇದರಲ್ಲಿ?" ನಾನು ಹೇಳುತ್ತ ಹೋದೆ. ಬಲದಲ್ಲಿ ಬಲಕ್ಕೆ ಸುತ್ತಿದ ಸುಳಿ ಎಡದಲ್ಲಿ ಎಡಕ್ಕೆ ಸುತ್ತಿತ್ತು, ಬೊಗಸೆಯೊಡ್ಡಿದಾಗ ಎರಡು ಅಂಗೈಗಳ ಗೆರೆ ಎದುರುಬದುರಾಗುವಂತೆ. ಇವರಿಗೆ ಹೊಳೆಯಿತು: ಎರಡೂ ಒಂದೇ ತುಂಡಿನವು, ಸೀಳಿ, ಪುಸ್ತಕ ಬಿಚ್ಚಿದ ಹಾಗೆ ಬಿಚ್ಚಿ ಅಂಟಿಸಿದ್ದಾರೆ. ಅಂದರೆ ಬಲಕ್ಕೆ ಹೊಂದುವ ಎಡ ಇನ್ನು ಲೋಕದಲ್ಲೇ ಇಲ್ಲ. ಮಾಡಿದರೆ ಎರಡನ್ನೂ ಹೊಸದಾಗಿ ಮಾಡಬೇಕು.

ಅಂಥ ಸುಳಿ ಇರುವುದು ಮರದ ಗಂಟಿನಲ್ಲಿ. ಗಂಟೆಂದರೆ ಗುಡಿಗಾರರಿಗೆ ಶನಿ. ಎಳೆ ಹೇಗೆಂದರೆ ಹಾಗೆ ತಿರುಗಿರುವುದರಿಂದ ಉಳಿ ಜಾರುತ್ತದೆ, ಮರ ಕೊಳ್ಳುವಾಗಲೇ ಕಡಿದು ಎಸೆಯುತ್ತಾರೆ. ಮರ ಚಿಕ್ಕದಿದ್ದಾಗ ಎಲ್ಲೋ ಪೆಟ್ಟು ಬಿದ್ದು, ಅದನ್ನು ಮುಚ್ಚಿಕೊಳ್ಳಲು ಸುತ್ತಿ ಸುತ್ತಿ ಬೆಳೆದ ಜಾಗ ಅದು. ನಮ್ಮಲ್ಲೂ ಹಾಗೆ ಎಸೆದ ಬೀಟೆಯ ಗಂಟೊಂದಿತ್ತು. ಕೊಡಲಿಗೆ ಸೀಳಲಿಲ್ಲ, ಒಲೆಗೆ ಹಿಡಿಸಲಿಲ್ಲ, ಆದ್ದರಿಂದ ಬಚ್ಚಲ ಒಲೆಯ ಮುಂದೆ ಅತ್ತೆ ಕೂರುವ ಕೊರಡಾಗಿತ್ತು.

"ನಾ ಇಪ್ಪತ್ತು ವರ್ಷ ಕೂತು ಸವೆಸಿದ ಕೊರಡು ಡಾಕ್ಟ್ರ ಮುಖದೆದುರಿಗಾ?" ಎಂದರು ಅತ್ತೆ. "ಕೊಡ್ತೀನಿ. ಆದ್ರೆ ಅವ್ರಿಗೆ ಹೇಳಬ್ಯಾಡ್ರಿ."

ಗರಗಸದ ಒಂದು ತುದಿ ಇವರದು, ಇನ್ನೊಂದು ತುದಿ ನನ್ನದು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಎದುರುಬದುರು ಕೂತದ್ದಿಲ್ಲ. "ನೀ ಎಳಿ. ಈಗ ಬಿಡು. ಗೆರೆ ಮೇಲೇ ಇದ್ಯಾ?" "ಇದೆ." "ಇದ್ಯಾ?" "ಇದೆ ಅಂದೆನಲ್ಲ." ನಾನು ಕಣ್ಣು, ಅವರು ಕೈ. ವಿಲಾಯತಿಯವರು ನೀರುದೋಸೆಯಂತೆ ತೆಗೆದ ಪದರ ನಮ್ಮ ಗರಗಸದಲ್ಲಿ ಉದ್ದಿನ ದೋಸೆಯಷ್ಟು ದಪ್ಪವೇ ಬಂತು. ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟಾಗ ಇವರು ಕೇಳಿದರು.

"ಎಂತ ಕಾಣ್ತದೆ?"

ಕಡೆಗೋಲು ನಿಲ್ಲಿಸಿದ ಮೇಲೂ ಮಜ್ಜಿಗೆ ಒಂದು ಕ್ಷಣ ಸುತ್ತುತ್ತಲೇ ಇರುತ್ತದಲ್ಲ, ಹಾಗಿತ್ತು. ಕರಿಗೆಂಪು ಮಜ್ಜಿಗೆಯ ಎರಡು ಗಡಿಗೆ. ಹಾಗೆಂದೇ ಹೇಳಿದೆ.

"ಎರಡೂ ಒಂದೇ ಥರ ಇದ್ಯಾ?"

"ಒಂದು ಎಡಕ್ಕೆ ಸುತ್ತುತ್ತೆ, ಒಂದು ಬಲಕ್ಕೆ."

"ಹಾಗಾದ್ರೆ ಸರಿ."

ಹಳೆಯ ಹಲಗೆಯ ಮೈ ಕೆರೆದು, ಮರವಜ್ರದ ಗೋಂದು ಕಾಯಿಸಿ ಇವರು ಎರಡು ಪದರಗಳನ್ನೂ ಅದಕ್ಕೆ ಅಂಟಿಸಿದರು. ಉಜ್ಜುವುದು ನನ್ನ ಪಾಲು: ಒರಟು ಗರಗತ್ತಿ ಎಲೆ ತಂದು, ಎಂಟು ದಿನ, ಕೈ ಜಾರುವವರೆಗೆ. ಮೇಲೆ ಅರಗಿನ ಹೊಳಪು. ಹೂವಪ್ಪ ಅದನ್ನು ಕಾರಿಗೆ ಕೂರಿಸಿದ ದಿನ ನನ್ನನ್ನೂ ಒಳಗೆ ಕೂರಿಸಿದರು. ಸುತ್ತ ಕಬ್ಬಿಣ, ಗಾಜು, ಬಿಸಿಲಿಗೆ ಕಾದು ಮುಟ್ಟಲಾಗುತ್ತಿರಲಿಲ್ಲ. ಹಲಗೆಯ ಮೇಲೆ ಅಂಗೈ ಇಟ್ಟೆ. ಸುಡಲಿಲ್ಲ. ಹೊಸ್ತಿಲು, ತೊಟ್ಟಿಲು, ಊಟದ ಮಣೆ, ಕಡೆಗೋಲು, ಮನೆಯಲ್ಲಿ ಕೈಗೆ ಪದೇಪದೇ ಸಿಗುವುದೆಲ್ಲ ಮರವೇಕೆಂದು ನಾನು ಅಲ್ಲಿಯವರೆಗೆ ಯೋಚಿಸಿದವಳಲ್ಲ. ಅಷ್ಟು ಸಿರಿವಂತರು ಅಷ್ಟು ವೇಗವಾಗಿ ಹೋಗುವಾಗಲೂ ಎದುರಿಗೆ ಒಂದು ಹಲಗೆ ಇಟ್ಟುಕೊಳ್ಳುವುದು ಬಡಿವಾರಕ್ಕೆಂದು ತಿಳಿದಿದ್ದೆ. ಬಡಿವಾರವೂ ಇದ್ದೀತು, ಆದರೆ ಮನೆ ಬಿಟ್ಟು ಹೋಗುವವನು ಮನೆಯ ಒಂದು ತುಂಡನ್ನು ಜೊತೆಗಿಟ್ಟುಕೊಂಡ ಹಾಗೂ ನನಗೆ ಕಂಡಿತು. ಡಾಕ್ಟರು ಹಲಗೆಯ ಮೇಲೆ ಎರಡು ಸಲ ಕೈಯಾಡಿಸಿ, "ಇದು ಯಾವ ಕಾಡಿನ ಮರ?" ಎಂದರು. "ಬಚ್ಚಲ ಕಡೆಯದು," ಎಂದರು ಇವರು. ಅತ್ತೆ ಒಳಗೆ ಹೋದರು.

ದೀಪಾವಳಿ ಕಳೆದ ಮೇಲೆ, ಡಾಕ್ಟರ ಕಾಗದ ಹಿಡಿದು, ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಪೊರೆ ತೆಗೆಸಿಕೊಂಡು ಬಂದೆವು. ಕಟ್ಟು ಬಿಚ್ಚಿ, ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಮನೆಗೆ ಬಂದವರು ಮೊದಲು ನನ್ನ ತಲೆ ನೋಡಿ, "ಇದು ಯಾವಾಗ ಇಷ್ಟು ನೆರೀತು?" ಎಂದರು. ಆಮೇಲೆ ಮಾಡಿನ ಜೇಡರ ಬಲೆ ಲೆಕ್ಕ ಹಾಕಿದರು. ಆಮೇಲೆ ಅಡಿಗೆಮನೆಗೆ ನೀರು ಕುಡಿಯಲು ಬಂದು, ಚೆಂಬು ಎತ್ತಿ, ಅಲ್ಲೇ ನಿಂತರು.

ಬೇಡವಾದ ಹಲಗೆಯನ್ನು ಒಲೆಗೆ ಹಾಕಲು ಮನಸ್ಸಾಗದೆ ನಾನೇ ಗೂಟದ ಮೇಲೆ ಇಟ್ಟಿದ್ದೆ. ಎಡದ ಆನೆಯ ಕಣ್ಣನ್ನು ಇವರು ನೋಡುತ್ತಿದ್ದದ್ದು ಅದೇ ಮೊದಲು. ನಾನು ಹಿಟ್ಟಿನ ಕೈಯಲ್ಲೇ ನಿಂತಿದ್ದೆ. ಇವರು ಎರಡು ಚೆಂಬುಗಳನ್ನೂ ಕೆಳಗಿಟ್ಟು, ಹಲಗೆಯನ್ನು ಎತ್ತಿಕೊಂಡು ಹೋದರು. ಅಂಗಳಕ್ಕಲ್ಲ, ಜಗಲಿಗೂ ಅಲ್ಲ. ಒಳಗಿನ ಕೋಣೆಗೆ, ಹಳೆಯ ಜಾಗಕ್ಕೆ. ಸ್ವಲ್ಪ ಹೊತ್ತಿನಲ್ಲಿ ಉಳಿಯ ಸಣ್ಣ ಸದ್ದು ಕೇಳಿತು. ತಪ್ಪನ್ನು ತಿದ್ದುತ್ತಿದ್ದಾರೆಂದುಕೊಂಡು ನಾನು ರೊಟ್ಟಿ ತಟ್ಟಲು ಕೂತೆ.

ತಂದಿಟ್ಟಾಗ ನೋಡಿದರೆ ಎಡದ ಆನೆ ಇದ್ದ ಹಾಗೇ ಇತ್ತು. ಬಲದ ಆನೆಯ ಕಣ್ಣಗುಡ್ಡೆಯನ್ನು ನೂಲಿನಷ್ಟು ಹೆರೆದು, ಹೊಸ ಗೀರು ಹಾಕಿದ್ದರು, ಅದೂ ಹೊರಕ್ಕೆ. ಎಡದ್ದು ಎಷ್ಟು ತಿರುಗಿತ್ತೋ ಅಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಈಗ ಜೋಡಿ ಆಯ್ತು," ಎಂದು ನೀರು ಕುಡಿದು ಹೋದರು.

ಅಂದಿನಿಂದ ಎಡದ ಆನೆ ಒಲೆಯ ಕಡೆ ನೋಡುತ್ತದೆ, ಹಾಲು ಉಕ್ಕುವುದನ್ನು ಕಾಯುವಂತೆ. ಬಲದ್ದು ಹಿತ್ತಲ ಬಾಗಿಲನ್ನು ನೋಡುತ್ತದೆ. ಅಲ್ಲಿಂದ ಬೆಕ್ಕು ಬರುತ್ತದೆ. ಒಳಗಿನ ಕೋಣೆಯಲ್ಲಿ ಉಳಿ ಕೇಳಿಸುತ್ತಿರುತ್ತದೆ. ನಡುವೆ ಕೂತ ಲಕ್ಷ್ಮಿಯನ್ನು ನಮ್ಮ ಮನೆಯಲ್ಲಿ ಯಾರೂ ಕಾಯುತ್ತಿಲ್ಲ. ಅವಳು ಎಲ್ಲಿಗೂ ಹೋಗಿಲ್ಲ.